ಹೆಣ ಎದ್ದು ನಗುವ ಶಾಟ್

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೂ ಗೊತ್ತಿಲ್ಲ, ಓದುಗರೇ. ಮೊದಲ ಡ್ರಾಫ್ಟಿನಲ್ಲಿ ಬಿ.ಜಿ. ಕೆರೆಯ ಬಯಲು, ಸಂಜೆಯ ಧೂಳು, ಮನೆಗೆ ಮರಳುವ ಕುರಿಗಳು ಇದ್ದವು. ಓದಿದ ಸ್ವಪ್ನ ಮುಖ ಸಿಂಡರಿಸಿದಳು. ಕಥಾನಾಯಕಿ ಅವಳೇ.

"ಸಾರ್, ಕುರಿ ತೆಗೀರಿ. ನಮ್ಮೂರು ಅಂದ್ರೆ ಸಾಕು, ಎಲ್ಲಾರೂ ಕುರಿ ತಂದು ನಿಲ್ಲಿಸ್ತಾರೆ."

"ನಿಮ್ಮಪ್ಪ ಕುರಿ ಕಾಯ್ತಿದ್ದರಲ್ಲಮ್ಮ?"

"ಕಾಯ್ತಿದ್ರು. ನಾನು ಆಕ್ಟಿಂಗ್ ಮಾಡ್ತೀನಿ. ಅದನ್ನ ಬರೀರಿ."

ತೆಗೆದೆ. (ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ ಆಗುವುದು.)

2

ಸ್ವಪ್ನ ಒಂಬತ್ತು ವರ್ಷದಿಂದ ಟೀವಿಯಲ್ಲಿದ್ದಾಳೆ. ಬರೀ ಕಾಮಿಡಿ. ಪಕ್ಕದ ಮನೆಯ ಬಾಯಿಬಡುಕಿ, ಮದುವೆ ಮನೆಯಲ್ಲಿ ಲಾಡು ಕದಿಯುವವಳು, ಇಂಥವೇ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಳಕಾಲ್ಮೂರು ಬಸ್ ಎಷ್ಟೊತ್ತಿಗೆ ಎಂದು ಕೇಳಿದರೂ ಜನ ನಗುತ್ತಾರೆ. ಅಪ್ಪ ತೀರಿಕೊಂಡ ದಿನ ಅವಳು ಎದೆ ಬಡಿದುಕೊಂಡು ಅಳುತ್ತಿದ್ದಾಗ ಹಿಂದೆ ನಿಂತ ಯಾರೋ ಕಿಸಕ್ಕೆಂದಿದ್ದರು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

"ಒಂದೇ ಒಂದ್ಸಲ ನನ್ನ ನೋಡಿ ನಮ್ಮೂರ ಜನ ಅಳಬೇಕು ಸಾರ್."

ಈ ವರ್ಷ ಒಂದು ಸೀರಿಯಲ್ಲಿನಲ್ಲಿ ನಾಯಕಿಯ ಅಕ್ಕನ ಪಾತ್ರ ಸಿಕ್ಕಿತು. ಗಂಭೀರ ಪಾತ್ರ. ಕೊನೆಗೆ ಸಾಯುತ್ತಾಳೆ.

3

(ಇಲ್ಲಿ ಸಹನಿರ್ದೇಶಕ ಪ್ರದೀಪನ ಜೊತೆ ಒಂದು ಪ್ರೇಮಪ್ರಕರಣ ಹೆಣೆದಿದ್ದೆ. "ಅವ್ನಾ? ಹೋಗ್ರಿ ಸಾರ್" ಎಂದಳು. ಹರಿದು ಹಾಕಿದೆ.)

4

ಶೂಟಿಂಗಿನವರಲ್ಲಿ ಒಂದು ರೂಢಿಯಿದೆ. ಹೆಣವಾಗಿ ಮಲಗಿದವರು ಶಾಟ್ ಮುಗಿದ ಮೇಲೆ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು. ಅದನ್ನೂ ಚಿತ್ರಿಸಿಕೊಳ್ಳುತ್ತಾರೆ, ತೋರಿಸುವುದಿಲ್ಲ ಅಷ್ಟೇ. ನಕ್ಕರೆ ಸಾವು ಅಲ್ಲಿಗೆ ಸುಳ್ಳಾಯಿತು, ಮನೆಯವರೆಗೆ ಬರುವುದಿಲ್ಲ ಎಂಬ ನಂಬಿಕೆ.

ಸ್ವಪ್ನ ಚಟ್ಟದ ಮೇಲೆ ಮಲಗಿದ್ದಾಗ ಲೈಟಿನವನೂ ಕಣ್ಣೊರೆಸಿಕೊಂಡ. ಕಟ್ ಆಯಿತು. "ಸ್ವಲ್ಪ ನಗಿ ಮೇಡಂ" ಎಂದರು. ಅವಳು ನಗಲಿಲ್ಲ. ಎದ್ದವಳೇ ಮೇಕಪ್ ರೂಮಿಗೆ ನಡೆದಳು. ಇಷ್ಟು ವರ್ಷ ಕಾದು ಪಡೆದ ಅಳು, ಹಲ್ಲು ಕಿರಿದು ಅದನ್ನು ಹಾಳು ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

(ನಾನಾಗಿದ್ದರೂ ನಗುತ್ತಿರಲಿಲ್ಲ.)

5

ಆ ಸಂಚಿಕೆ ಬರುವ ದಿನ ಅವಳು ಊರಿಗೆ ಬಂದಳು. ಅವ್ವ ಬೊಮ್ಮಕ್ಕನ ಮನೆ ತುಂಬ ಜನ. ಪರದೆಯ ಮೇಲೆ ಸ್ವಪ್ನಳ ಹೆಣ ಕಂಡಾಗ ಪಕ್ಕದ ಮನೆಯ ಮುದ್ದಕ್ಕ, "ತಾಳ್ರಿ, ಈಗ ಎದ್ದು ಏನೋ ಕಿತಾಪತಿ ಮಾಡ್ತಾಳೆ" ಎಂದಳು. ಹೆಣ ಏಳಲಿಲ್ಲ. ಫೋಟೋಗೆ ಹಾರ ಬಿತ್ತು. ಜೀವಂತ ಸ್ವಪ್ನ ಪಕ್ಕದಲ್ಲೇ ಕೂತಿದ್ದರೂ ಮುದ್ದಕ್ಕ ಸೆರಗು ಬಾಯಿಗಿಟ್ಟು ಬಿಕ್ಕಿದಳು. ಆಮೇಲೆ ಇಡೀ ಮನೆ ಅತ್ತಿತು.

ಸ್ವಪ್ನಳಿಗೆ ಹಿಗ್ಗು ತಡೆಯಲಾಗಲಿಲ್ಲ. "ಎಲ್ಲಾರೂ ಕೊನೀಗೆ ಎದ್ದು ನಗ್ತಾರವ್ವ, ಸಾವು ಹಿಂದೆ ಬರಬಾರ್ದು ಅಂತ. ನಾನು ನಗಲೇ ಇಲ್ಲ!"

ಬೊಮ್ಮಕ್ಕ ಟೀವಿ ಆರಿಸಿದಳು. "ಈಗ ನಗು."

"ಇಷ್ಟು ಜನ ಅಳ್ತಾ ಅವ್ರೆ. ಈಗ ನಕ್ರೆ ಮತ್ತೆ ಲಾಡು ಕದಿಯೋಳೇ ಆಗ್ತೀನಿ ಅವ್ವ."

ಬೊಮ್ಮಕ್ಕ ಟೀವಿಯ ಮುಂದೆ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. "ನಿನ್ ಜಾಗದಾಗೆ ನಾನು ಮಲಗೀನಿ. ನೀನು ನಗೋ ತಂಕ ಏಳಲ್ಲ."

6

ಮುಕ್ತಾಯ ಅ: ಸ್ವಪ್ನ ನಗುತ್ತಾಳೆ, ಊರೆಲ್ಲ ನಗುತ್ತದೆ, ಅವಳು ಕಾಮಿಡಿಗೆ ವಾಪಸಾಗುತ್ತಾಳೆ. ("ಮತ್ತೆ ಲಾಡು ಕದಿಯೋಕೆ ಕಳಿಸ್ತೀರಾ ಸಾರ್?" ಎಂದಳು ಸ್ವಪ್ನ.)

ಮುಕ್ತಾಯ ಆ: ನಗುವುದಿಲ್ಲ, ದೊಡ್ಡ ನಟಿಯಾಗುತ್ತಾಳೆ. ("ಅದನ್ನ ಅಳಿಸ್ರಿ" ಎಂದಳು ಬೊಮ್ಮಕ್ಕ, ಕಣ್ಣು ತೆರೆಯದೆ.)

ನಾನು ಪೆನ್ನು ಎತ್ತಿ ಹಿಡಿದಿದ್ದಾಗ ಸ್ವಪ್ನ ತಾನಾಗಿಯೇ ನಕ್ಕಳು. ಜೋರಾಗಿ, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಇಡೀ ಕರ್ನಾಟಕಕ್ಕೆ ಗೊತ್ತಿರುವ ಹಾಗೆ.

"ಅದಲ್ಲ. ಅದು ಟೀವಿದು. ನಿಂದು ನಗು" ಎಂದಳು ಬೊಮ್ಮಕ್ಕ, ಮಲಗಿದಲ್ಲಿಂದಲೇ.

ಸ್ವಪ್ನಳ ಮುಖ ಕಳೆಗುಂದಿತು. ನನ್ನ ಕಡೆ ತಿರುಗಿದಳು. "ಸಾರ್, ಟೀವಿಗೆ ಮುಂಚೆ ನನ್ನ ನಗು ಹೆಂಗಿತ್ತು?"

ಅವಳನ್ನು ನಾನು ಟೀವಿಯಲ್ಲಿ ನೋಡಿಯೇ ಬರೆಯಲು ಕೂತವನು. ನನಗೆ ಗೊತ್ತಿರುವುದು ಆ ನಗುವೊಂದೇ. "ಗೊತ್ತಿಲ್ಲಮ್ಮ" ಎಂದೆ.

ಅವಳು ನೆಲದ ಮೇಲೆ ಕೂತು ಅವ್ವನ ತೋಳು ಅಲುಗಿಸಿದಳು. "ಅವ್ವ, ನಂದು ಹೆಂಗಿತ್ತು? ಹೇಳವ್ವ."

ಮುಕ್ತಾಯ ಇ ನಾನು ಬರೆಯುವುದಿಲ್ಲ. ಆ ನಗು ಗೊತ್ತಿರುವುದು ಬೊಮ್ಮಕ್ಕನೊಬ್ಬಳಿಗೇ, ಮತ್ತು ಮಗಳು ಅದನ್ನು ನಗುವ ತನಕ ಬೊಮ್ಮಕ್ಕ ಸತ್ತೇ ಇರುತ್ತಾಳೆ.