ಉಡಿಕೆಯ ಸೀರೆ

ನಮ್ಮೂರು ಕಲ್ಯದಲ್ಲಿ ಗಂಡ ಸತ್ತವಳಿಗೆ ನಾಲ್ಕು ಜನರ ಮುಂದೆ ಸೀರೆ ಉಡಿಸಿದರೆ ಮುಗಿಯಿತು, ಅದೇ ಎರಡನೇ ಮದುವೆ. ಉಡಿಕೆ ಎನ್ನುತ್ತೇವೆ. ಉಟ್ಟವಳಿಗೆ ಸತ್ತ ಗಂಡನ ಹೊಲ ಇಲ್ಲ, ಅದು ಅವನ ಅಣ್ಣತಮ್ಮಂದಿರಿಗೆ. ಇಂಥ ಕಟ್ಟಲೆ ಮಾಡಿದವನ ಬಾಯಿಗೆ ಮಣ್ಣು ಹಾಕ!

ಇದು ಐವತ್ತೆಂಟನೇ ಇಸವಿಯ ಮಾತು. ನನ್ನ ಗಂಡ ಮರಿಯಪ್ಪ ತೀರಿಕೊಂಡು ವರ್ಷ ತುಂಬಿತ್ತು. ನನಗೆ ಉಳಿದದ್ದು ಅವನ ಪಾಲಿನ ಎರಡೆಕರೆ, ಆರು ವರ್ಷದ ಮಗಳು. ಆ ಎರಡೆಕರೆಯ ಮೇಲೆ ಮೈದುನ ಚಿಕ್ಕಹನುಮಯ್ಯನ ಕಣ್ಣು ಬಿತ್ತು. ಮನೆಯಲ್ಲಿ ಬೈರಮ್ಮನಂಥ ಹೆಂಡತಿ ಇದ್ದೂ ನನಗೆ ಸೀರೆ ತಂದ, ನಾಚಿಕೆಗೆಟ್ಟವನು.

ಆ ಸಂಜೆ ನನ್ನ ಮನೆಯ ನಡುವೆಯೇ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಬಾಗಿಲಿಗೆ ಇಬ್ಬರು ಗಂಡಸರು ಅಡ್ಡ ನಿಂತರು. ನಮ್ಮತ್ತೆ ಹನುಮಂತಮ್ಮ ನನ್ನ ಮಗಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಉಟ್ಕೊ. ಇಲ್ದಿದ್ರೆ ಮಗೀನ ಇಲ್ಲೇ ಬುಟ್ಟು ನಿನ್ನ ತವರಿಗೆ ನಡಿ," ಎಂದಳು.

"ಹೊಸ ಕಾಯ್ದೆ ಬಂದೈತೆ. ಗಂಡನ ಪಾಲು ಹೆಂಡ್ತಿ ಮಕ್ಕಳಿಗೇ ಅಂತ ಮಾಗಡಿ ವಕೀಲ್ರು ಹೇಳವ್ರೆ," ಎಂದೆ.

ಮೈದುನ ನಕ್ಕ. "ಕಾಯ್ದೆ ಮಾಗಡೀಲಿರ್ಲಿ. ಇದು ಕಲ್ಯ."

ಉಡಿಸಲು ಬಂದಿದ್ದ ಮುದುಕಿ ಸಿದ್ದಮ್ಮ ಸೀರೆ ಬಿಚ್ಚಿ ನನ್ನ ಹೆಗಲಿಗೆ ತಂದಳು. ತಳ್ಳಿದೆ. ಮತ್ತೆ ತಂದಳು. ಅತ್ತೆ ಮಗುವಿನ ತೋಳು ಚಿವುಟಿದಳು, ಅದು ಕಿಟಾರನೆ ಕಿರುಚಿತು. ನನ್ನ ಕೈ ತಾನಾಗಿ ಕೆಳಗಿಳಿಯಿತು. ಮುಗಿಯಿತು, ಸೋತೆ ಎಂದುಕೊಂಡೆ.

ಆಗ ಬೈರಮ್ಮ ಬಾಗಿಲಲ್ಲಿದ್ದವರನ್ನು ನೂಕಿಕೊಂಡು ಒಳಗೆ ಬಂದಳು.

ಸಿದ್ದಮ್ಮ ಸೀರೆಯನ್ನು ಗಕ್ಕನೆ ಹಿಂದಕ್ಕೆಳೆದುಕೊಂಡಳು. ಉಡಿಕೆಗೆ ಹೆಂಗಸರಲ್ಲಿ ವಿಧವೆಯರೇ ನಿಲ್ಲಬೇಕು. ಮುತ್ತೈದೆ ಬಂದು ನೋಡಿದರೆ ಅವಳ ಗಂಡನಿಗೇ ಕೇಡು ಎಂದು ನಮ್ಮವರ ನಂಬಿಕೆ.

"ಥೂ, ಆಚೆ ಹೋಗೇ! ಮುತ್ತೈದೆ ನೀನು, ಗಂಡ ಬದುಕವ್ನೆ!" ಅತ್ತೆ ಕೂಗಿದಳು.

"ಯಾರು ನನ್ನ ಗಂಡ? ಹೇಳತ್ತೆ, ಎಲ್ರಿಗೂ ಕೇಳಂಗೆ ಹೇಳು," ಎಂದಳು ಬೈರಮ್ಮ. "ಅವನನ್ನೇ ಅಲ್ವ ಇವತ್ತು ಅಕ್ಕಂಗೆ ಕಟ್ತಿರೋದು? ಹೆಂಡ್ತಿ ಇರೋವಾಗ ಇನ್ನೊಬ್ಳನ್ನ ಕಟ್ಕೊಂಡ್ರೆ ಈಗ ಜೈಲು. ದೂರು ಕೊಡೋಳು ನಾನೇ."

ಹಾಗೆಂದವಳು ನನ್ನ ಪಕ್ಕ ಕಂಬಳಿಯ ಮೇಲೆ ಕೂತೇಬಿಟ್ಟಳು. ಅಬ್ಬಾ, ಎಂಥ ಎದೆ ಆ ಹೆಣ್ಣಿನದು! ಸಿದ್ದಮ್ಮ ಗೊಣಗುತ್ತ ಎದ್ದು ಹೋದಳು. ಬಾಗಿಲಲ್ಲಿದ್ದವರೂ ಜೈಲು ಎಂದದ್ದೇ ತಡ ಜಾರಿಕೊಂಡರು. ನಾನು ಅತ್ತೆಯ ಕೈಯಿಂದ ಮಗಳನ್ನು ಕಿತ್ತುಕೊಂಡೆ.

ಹೊಲ ನನಗೇ ಉಳಿಯಿತು. ಆದರೆ ಮೈದುನ ಹೊತ್ತು ಮುಳುಗುವ ಮುಂಚೆಯೇ ಬೈರಮ್ಮನ ಟ್ರಂಕನ್ನು ಬೀದಿಗೆಸೆದು ಕದ ಹಾಕಿಕೊಂಡ. ನಾನು ಹೋಗಿ ಅದನ್ನು ಎತ್ತಿಕೊಂಡೆ.

"ಎಲ್ಲಿಗಕ್ಕ?" ಎಂದಳು.

"ನಮ್ಮನೆಗೆ. ಎರಡೆಕರೆ ಐತೆ ಕಣೇ, ಬಾ," ಎಂದೆ.