ಗಟ್ಟಿ ಚಿಲಕದ ಕೋಣೆ

ಎರಡು ಕದಗಳ ನಡುವೆ ಬೆರಳಗಲದ ಸಂದು, ಅದರಲ್ಲಿ ಮೇಲಿಂದ ಕೆಳಗಿನವರೆಗೆ ಬಿಸಿಲು ನೆಟ್ಟಗೆ ನಿಂತಿದೆ, ಆ ಬೆಳಕಿನ ಗೆರೆಯಲ್ಲಿ ಕೆಂಪು ಧೂಳು ಏಳುತ್ತಿದೆ, ಇಳಿಯುತ್ತಿದೆ, ಈ ಮರಿಯಮ್ಮನಹಳ್ಳಿಯಲ್ಲಿ ಬಾಗಿಲು ಮುಚ್ಚಿದರೂ ಧೂಳು ತಪ್ಪಿದ್ದಲ್ಲ, ಸಂಡೂರಿನ ಗುಡ್ಡ ಅದಿರಾಗಿ ದಿನಾ ಲಾರಿ ಹತ್ತಿ ಮನೆಮುಂದೆ ಹಾದುಹೋಗುವಾಗ ಧೂಳಿಗೆ ಯಾರ ಅಪ್ಪಣೆ ಬೇಕು — ಜೀಪು ಹೋಯಿತೋ ಇಲ್ಲವೋ, ಗಂಗಾಂಬಿಕಾ ಕಿವಿಗೊಟ್ಟಳು, ಹೋಗಿತ್ತು, ಅವಳನ್ನು ಮನೆ ಸೇರಿಸಲು ಬಂದ ರಕ್ಷಣಾಧಿಕಾರಿ ಮೇಡಂ, ಅವರ ಜೊತೆ ಬಂದ ಪೊಲೀಸಮ್ಮ, ಇಬ್ಬರೂ ಹೋಗಿದ್ದರು, ಕೈಯಲ್ಲಿ ಕೋರ್ಟಿನ ಆದೇಶದ ನಕಲು ಉಳಿದಿತ್ತು, ಮೂರು ಪುಟ, ಕೊನೆಗೊಂದು ನೀಲಿ ಮೊಹರು, ಗಂಡ ಈಶ್ವರ್ ಆಕೆಯ ಮೇಲೆ ಕೈ ಮಾಡಕೂಡದು, ಮನೆಯಿಂದ ಹೊರಗೆ ಹಾಕಕೂಡದು, ಹಿಂದಿನ ಕೋಣೆ ಆಕೆಯದು, ಅದರೊಳಗೆ ಅವನು ಕಾಲಿಡಕೂಡದು. ಹತ್ತು ತಿಂಗಳು ಹೊಸಪೇಟೆಯ ಕೋರ್ಟಿಗೆ ಅಲೆದದ್ದು ಇದಕ್ಕೆ, ಹತ್ತು ತಿಂಗಳು ಕಂಪ್ಲಿಯಲ್ಲಿ ಅಪ್ಪನ ಅಕ್ಕಿ ಗಿರಣಿಯ ಹಿಂದೆ ತೌಡಿನ ವಾಸನೆಯಲ್ಲಿ ಮಲಗಿದ್ದು ಇದಕ್ಕೆ, ಅಪ್ಪ ಅಂದಾನಪ್ಪ ಬೆಳಿಗ್ಗೆ ಬಸ್ಸು ಹತ್ತಿಸುವಾಗ ಮುಖ ನೋಡದೆ ಹೇಳಿದ್ದು, ಕೇಳಿದ್ದು ಸಿಕ್ಕೈತಲ್ಲವಾ, ಇನ್ನ ಹೊಳ್ಳಿ ಬರಬ್ಯಾಡ. ಬರುವುದಿಲ್ಲ ಬಿಡು. ಈಗ ಬಾಗಿಲು ಹಾಕಿಕೊಂಡು ಮಲಗಬೇಕು, ಅಷ್ಟೇ, ಚಿಲಕ ಹಾಕಿದ ಬಾಗಿಲ ಹಿಂದೆ ಒಮ್ಮೆ ಕಣ್ಣು ತುಂಬ ನಿದ್ದೆ ಮಾಡಬೇಕು. ಬೇರೆ ಹೆಂಗಸರು ಕೋರ್ಟಿನಲ್ಲಿ ಏನೇನು ಕೇಳುತ್ತಾರೋ, ಅವಳು ಬೇಡಿದ್ದು ಇಷ್ಟೇ.

ಮದುವೆಯಾದ ಎರಡನೇ ತಿಂಗಳು ಈಶ್ವರ್ ಸ್ಕ್ರೂಡ್ರೈವರ್ ತಂದು ಮಲಗುವ ಕೋಣೆಯ ಒಳಚಿಲಕ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ, ಗಂಡ ಹೆಂಡತಿ ನಡುವೆ ಚಿಲಕ ಯಾಕ್ಲೇ ಎಂದು ನಗುತ್ತಲೇ ಅಂದಿದ್ದ, ನಗುವಾಗ ಅವನು ಚೆಂದವೇ, ಅದೇ ಹಾಳು, ಬಚ್ಚಲಮನೆಯ ಚಿಲಕ ಅವನ ಒದೆತಕ್ಕೆ ಕಿತ್ತುಬಂದದ್ದು ಆಮೇಲೆ, ಅಂದಿನಿಂದ ಏಳು ವರ್ಷ ಅವಳು ಮೈಗೆ ನೀರು ಹಾಕಿಕೊಂಡದ್ದು ಒಂದು ಕಾಲನ್ನು ಬಾಗಿಲಿಗೆ ಒತ್ತಿಕೊಂಡೇ. ವಕೀಲರು ಕೇಳಿದ್ದರು, ಯಾವ ಕೋಣೆ ಅಂತ ಬರೀಲಮ್ಮಾ, ಬ್ಯಾರೆ ಮನಿ ಬಾಡಿಗಿ ಕೇಳಿದ್ರೂ ಕೊಡಿಸಬಹುದು. ಬ್ಯಾಡ್ರಿ, ತಪ್ಪು ಮಾಡಿದಾಕಿ ಹಂಗ ನಾ ಯಾಕ ಹೊರಗ ಹೋಗ್ಲಿ, ಹಿಂದಿನ ಕೋಣಿ ಬರೀರಿ, ಲಾರಿ ಸಾಮಾನು ಇಡ್ತೀವಲ್ಲ, ಅದು. ಯೋಚನೆಯೇ ಮಾಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತ್ತು, ಯಾಕೆಂದರೆ ಈ ಮನೆಯಲ್ಲಿ ಚಿಲಕ ಅಂತ ಅನ್ನಿಸಿಕೊಳ್ಳುವ ಚಿಲಕ ಇದ್ದದ್ದು ಅದೊಂದಕ್ಕೇ, ಲಾರಿಗೆ ಹೊದಿಸುವ ತಾಡಪತ್ರಿ, ಜಾಕು, ಹಗ್ಗ ಕಳ್ಳರ ಪಾಲಾದಾವು ಎಂದು ಈಶ್ವರನೇ ಮುಂದೆ ನಿಂತು ವೆಲ್ಡಿಂಗ್ ಮಾಡಿಸಿದ್ದು, ಎರಡು ಬೆರಳು ದಪ್ಪದ ಕಬ್ಬಿಣದ ಸರಳು, ದಿನಾ ಸಂಜೆ ಅದನ್ನು ಎಳೆಯುವ ಕೆಲಸ ಅವಳದು, ತಣ್ಣಗಿನ ಸರಳು ಅಂಗೈಗೆ ತಾಗಿ, ಖಟಕ್ ಎಂದು ಗೂಡಿಗೆ ಇಳಿದು ಕೂರುತ್ತಿತ್ತು, ಇಡೀ ದಿನದಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಅದೊಂದೇ. ಕಂಪ್ಲಿಯಲ್ಲಿ ನಿದ್ದೆ ಬಾರದಾಗ ಆ ಸದ್ದನ್ನೇ ನೆನೆಸಿಕೊಂಡು ಮಲಗುತ್ತಿದ್ದಳು. ಇವತ್ತು ಪೊಲೀಸಮ್ಮ ಕೂಡ ತೆರೆದ ಕದದ ಮೇಲಿದ್ದ ಆ ಸರಳನ್ನು ಅಲ್ಲಾಡಿಸಿ ನೋಡಿ, ಚಿಲಕ ಭಾಳ ಗಟ್ಟಿ ಐತ್ರಿ ಮೇಡಂ ಎಂದಳು, ಮೇಡಂ ಫ್ಯಾನು ಹಾಕಿ ನೋಡಿದರು, ಬಲ್ಬು ನೋಡಿದರು, ಕಿಟಕಿಯ ಸರಳು ನೋಡಿದರು, ಬರೆದುಕೊಂಡರು, ಎಲ್ಲಾ ಸರಿ ಐತೇನಮ್ಮಾ, ಐತ್ರಿ ಮೇಡಂ, ಸಹಿ ಮಾಡು, ಏನಾದ್ರೂ ಆದ್ರ ಫೋನ್ ಮಾಡು. ಅವಳ ಹತ್ತಿರ ಫೋನಿಲ್ಲ, ಇರುವ ಫೋನು ನಡುಮನೆಯಲ್ಲಿ, ಅತ್ತೆ ಸುವರ್ಣಮ್ಮನ ತಲೆದಿಂಬಿನ ಪಕ್ಕ, ಇರಲಿ, ಅದನ್ನು ಆಮೇಲೆ ನೋಡಿದರಾಯಿತು.

ಎದ್ದಳು, ಕದಗಳನ್ನು ಒತ್ತಿ ಮುಚ್ಚಿ ಅಂಗೈ ಆಡಿಸಿದಳು, ಮರ, ಇನ್ನೂ ಸ್ವಲ್ಪ ಮೇಲೆ, ಮರ, ಎಡಕ್ಕೆ, ಬಲಕ್ಕೆ, ನುಣ್ಣಗಿನ ಮರ, ಒಂದು ಮೊಳೆಯ ತೂತೂ ಇಲ್ಲ — ಎಲ್ಲಿ ಹೋಯಿತು, ಈಗ ತಾನೇ ಇತ್ತಲ್ಲ, ಪೊಲೀಸಮ್ಮ ಅಲ್ಲಾಡಿಸಿದಳಲ್ಲ, ಮೇಡಂ ಬರೆದುಕೊಂಡರಲ್ಲ — ಆಮೇಲೆ ಹೊಳೆಯಿತು, ಏಳು ವರ್ಷ ಆ ಚಿಲಕ ಹಾಕುವಾಗ ಅವಳು ನಿಂತಿರುತ್ತಿದ್ದದ್ದು ಎಲ್ಲಿ? ಹೊರಗೆ. ಸಾಮಾನಿನ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವವರು ಯಾರಿದ್ದಾರೆ, ಜಾಕು ಎದ್ದು ಹಾಕಿಕೊಳ್ಳುತ್ತದೆಯೇ, ಎಂಥ ಪೆದ್ದಿ ಗಂಗಾ ನೀನು, ವಕೀಲರ ಮುಂದೆ ಬಾಯಿಬಿಟ್ಟು ಕೇಳಿ ಬರೆಸಿಕೊಂಡೆಯಲ್ಲೇ, ಕೋರ್ಟಿನ ಮೊಹರು ಬೇರೆ ಒತ್ತಿಸಿಕೊಂಡು ಬಂದೆ. ನಗು ಬಂತು, ನಗು ಅಳುವಿನ ಹತ್ತಿರ ಹೋಗಿ ನಿಂತಿತು. ಈಗಲೇ ಹೊರಗೆ ಓಡಿದರೆ, ಜೀಪು ಊರಾಚೆಯ ಕೂಡು ರಸ್ತೆಯನ್ನೂ ದಾಟಿರಲಿಕ್ಕಿಲ್ಲ, ಮೇಡಂ ಚಿಲಕ ಹೊರಗ ಐತ್ರಿ ಅಂದರೆ, ಆದರೆ ಹೊಸ್ತಿಲು ದಾಟಿದರೆ ತಾನಾಗೇ ಬಿಟ್ಟುಹೋದ್ಲು ಅನ್ನುತ್ತಾನೆ, ಅಪ್ಪ ಬರಬೇಡ ಅಂದಾಗಿದೆ, ಕಿಟಕಿಯಾಚೆ ಇರುವುದು ಇವನದೇ ಲಾರಿಗಳು, ಇವನದೇ ಡ್ರೈವರುಗಳು, ಕಿರುಚಿದರೆ ಇಂಜಿನ್ನು ಜೋರು ಮಾಡುತ್ತಾರೆ, ಹೊಸದೇನಲ್ಲ. ಕದಕ್ಕೆ ಕೈ ಒತ್ತಿಕೊಂಡೇ ನಿಂತಳು. ಹಿತ್ತಿಲಲ್ಲಿ ಅವನು ಕಾಲು ತೊಳೆಯುವ ಸದ್ದು ಬಂತು.

ಆದೇಶದ ಒಂದು ಪ್ರತಿ ಅವನಿಗೂ ಕೊಟ್ಟಿದ್ದರು, ಪುಟ ತಿರುವುವುದು ಕೇಳಿಸಿತು, ಬಾಗಿಲ ಆಚೆಯೇ, ತುಂಬ ಹತ್ತಿರ, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು, ಹೇಗೆ ಮೈ ಕುಗ್ಗಿಸಬೇಕು, ಯಾವ ಕೈ ಮೇಲೆತ್ತಬೇಕು ಎಲ್ಲ ರೂಢಿಯಾಗಿದೆ, ಇದು ಬೇರೆ, ಅವನು ತಾಯಿಗೆ ಸಾವಕಾಶ ಓದಿ ಹೇಳುತ್ತಿದ್ದಾನೆ, ಕೋರ್ಟಿಗೆ ಮರ್ಯಾದಿ ಕೊಡಬೇಕವ್ವಾ, ಕೈ ಮಾಡಬ್ಯಾಡ ಅಂದಾರ, ಮಾಡಂಗಿಲ್ಲ, ಒಳಗ ಕಾಲಿಡಬ್ಯಾಡ ಅಂದಾರ, ಇಡಂಗಿಲ್ಲ, ಹೊರಗ ಹಾಕಬ್ಯಾಡ ಅಂದಾರ — ನಿಂತ, ಪುಟ ಮಡಚಿದ — ಹೊರಗ ಬಿಡಂಗೇ ಇಲ್ಲ. ಅತ್ತೆಯ ದನಿ, ಬ್ಯಾಡೋ ಈಶ್ವರಾ, ಆಕಿ ಇನ್ನೂ ಉಂಡಿಲ್ಲ, ಆಮೇಲೆ ಇತ್ತ ತಿರುಗಿ, ಗಂಗಾ, ಸುಮ್ನ ಇರವಾ, ಸಂಜಿಗೆ ಸಿಟ್ಟು ಇಳೀತೈತಿ, ತೆಗೀತಾನ. ಅತ್ತಿ, ಫೋನು, ಎಂದಳು, ಅಂದಳೋ ಅಂದುಕೊಂಡಳೋ, ಕದದ ಅಂಚಿಗೆ ಉಗುರು ಸಿಕ್ಕಿಸಿ ಒಳಕ್ಕೆ ಎಳೆದಳು, ಅಷ್ಟರಲ್ಲಿ ಖಟಕ್, ಅದೇ ಸದ್ದು, ಕಂಪ್ಲಿಯಲ್ಲಿ ನೆನೆಸಿಕೊಂಡು ಮಲಗುತ್ತಿದ್ದದ್ದು, ಇಲ್ಲಿಂದ ಕೇಳಿದರೂ ಅದು ಹಾಗೇ ಇದೆ, ಒಂದಿಷ್ಟೂ ಬದಲಿಲ್ಲ, ಹೆಜ್ಜೆಗಳು ಹೋದವು, ಕಾಗದ ಬೆವರಿನಲ್ಲಿ ಮೆತ್ತಗಾಗುತ್ತಿದೆ, ಸಂದಿನಲ್ಲಿ ಬೆಳಕು ಹಾಗೇ ನಿಂತಿದೆ, ಧೂಳು ಏಳುತ್ತಿದೆ, ಇಳಿಯುತ್ತಿದೆ, ಮೇಲೆ ಬೆಳಕು, ಕೆಳಗೆ ಬೆಳಕು, ನಡುವೆ ಅಡ್ಡ ಸರಳಿನ ಎರಡು ಬೆರಳು ಕಪ್ಪು, ಮೇಲೆ ಬೆಳಕು, ಕೆಳಗೆ ಬೆಳಕು, ನಡುವೆ ಎರಡು ಬೆರಳು ಕಪ್ಪು