ನೂಲಗಿತ್ತಿ

"ಈ ಪದವೇ ಇಲ್ಲವಲ್ಲಮ್ಮ," ಎಂದಳು ಗ್ರಂಥಪಾಲಕಿ, ದಪ್ಪ ಇಂಗ್ಲಿಷ್ ನಿಘಂಟಿನ ಹಾಳೆಯ ಮೇಲೆ ಬೆರಳಿಟ್ಟುಕೊಂಡೇ.

"ಇಲ್ಲ ಅಂದ್ರೆ ಹೇಗೆ? ಟೈಪ್ ಮಾಡಿ ಸೀಲ್ ಬೇರೆ ಹೊಡೆದಿದ್ದಾರೆ!"

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ಇಪ್ಪತ್ತಾರು ವರ್ಷ ನೂಲುವ ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಕದಿರಕ್ಕನಿಗೆ ಮೆಲುದನಿ ಎಂಬುದು ಮರೆತೇಹೋಗಿತ್ತು. ಅದು ಅವಳ ಹುಟ್ಟುಹೆಸರಲ್ಲ. ನಿಂತಲ್ಲಿ ನಿಲ್ಲದೆ, ನೂಲು ಸುತ್ತುವ ಕದಿರಿನ ಹಾಗೆ ಗಿರಗಿರ ಸುತ್ತುತ್ತಾಳೆಂದು ಮಿಲ್ಲಿನವರು ಇಟ್ಟದ್ದು. ಈಗಲೂ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದಳು. ಹುಬ್ಬಿನ ಮೇಲೆ, ಕಿವಿಯ ಹಿಂದೆ ಹತ್ತಿಯ ನವಿರು ಅಂಟಿಕೊಂಡಿತ್ತು.

ಮಿಲ್ಲಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಎಂಟು ಮನೆಗಳು ಖಾಲಿ ಬಿದ್ದಿದ್ದವು. ಒಂದು ತನಗೆ ಕೊಡಿ ಎಂದು ಅವಳು ಹಾಕಿದ್ದ ನಾಲ್ಕನೆಯ ಅರ್ಜಿಗೆ ಬಂದ ಉತ್ತರ ಈಗ ಅವಳ ಕೈಯಲ್ಲಿದ್ದ ಪತ್ರ. ಮೊದಲ ಮೂರಕ್ಕೆ ಉತ್ತರವೇ ಇರಲಿಲ್ಲ. ಅರ್ಜಿ ತಿರಸ್ಕಾರವಾಗಿದೆ ಎಂಬುದನ್ನು ಗೇಟಿನ ಕಾವಲುಗಾರ ಓದಿ ಹೇಳಿದ್ದ. ಕಾರಣದ ಜಾಗದಲ್ಲಿದ್ದ ಪದ ಮಾತ್ರ ಅವನಿಗೂ ತಿಳಿದಿರಲಿಲ್ಲ. "ಸ್ಪಿನಿಸ್ಟರ್ ಅಂತಿದೆ. ಯಾವ್ದೋ ಕಾಯಿಲೆ ಇರ್ಬೇಕು, ಡಾಕ್ಟ್ರನ್ನ ಕೇಳು," ಎಂದಿದ್ದ.

"ಓ, ಗೊತ್ತಾಯ್ತು," ಎಂದಳು ಗ್ರಂಥಪಾಲಕಿ. "ನಡುವೆ ಒಂದು 'ಐ' ಜಾಸ್ತಿ ಬಿದ್ದಿದೆ. ಸ್ಪಿನ್‌ಸ್ಟರ್ ಅಂತಾಗ್ಬೇಕು." ಅರ್ಥವನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡಕ ತೆಗೆದು ಒರೆಸತೊಡಗಿದಳು.

"ಬೈಗುಳಾನಾ? ಹೇಳಿಬಿಡಿ. ನಾನು ಮಿಲ್ಲಲ್ಲಿ ಕೇಳದೇ ಇರೋ ಬೈಗುಳ ಇನ್ನು ಹುಟ್ಟಬೇಕಷ್ಟೆ."

"ಮದುವೆಯಾಗದೆ ವಯಸ್ಸಾದ ಹೆಂಗಸು ಅಂತ."

"ಇಷ್ಟೇನಾ! ಅದಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು? ನಮ್ಮ ಬೀದೀಲಿ ಬರೀ ಕಣ್ಣಲ್ಲೇ ಹೇಳ್ತಾರೆ," ಎಂದು ಕದಿರಕ್ಕ ನಕ್ಕಳು. ಆದರೆ ಪತ್ರವನ್ನು ಮಡಿಸುವಾಗ ಅದರ ಅಂಚು ಹರಿಯಿತು.

"ನಿಲ್ಲಿ ನಿಲ್ಲಿ. ಮೊದಲನೇ ಅರ್ಥ ಅದಲ್ಲ." ಗ್ರಂಥಪಾಲಕಿ ಕನ್ನಡಕ ಏರಿಸಿ ಪುಟಕ್ಕೆ ಮುಖವಿಟ್ಟಳು. "ನೂಲು ತೆಗೆಯೋ ಹೆಂಗಸು. ಸ್ಪಿನ್ ಅಂದ್ರೆ ನೂಲೋದು. ಕೊನೇಲಿರೋ ಸ್ಟರ್ ಅನ್ನೋದು ಕೆಲಸ ಮಾಡೋ ಹೆಂಗಸಿಗೆ ಹಿಂದೆ ಅವರು ಹಚ್ಚುತ್ತಿದ್ದ ಬಾಲ. ನಾವು ಹೂವಾಡಗಿತ್ತಿ, ಸೂಲಗಿತ್ತಿ ಅಂತೀವಲ್ಲ, ಹಾಗೆ. ಇದು ಏನಂತೀರಿ... ನೂಲಗಿತ್ತಿ."

"ಮತ್ತೆ ಮದುವೆ ಎಲ್ಲಿಂದ ಬಂತು ಮಧ್ಯದಲ್ಲಿ?"

"ಆಗೆಲ್ಲ ಕಾಗದಪತ್ರದಲ್ಲಿ ಹೆಸರಿನ ಮುಂದೆ ಕಸುಬು ಬರೀತಿದ್ರಂತೆ. ಮದುವೆಯಾಗದ ಹೆಂಗಸರು ಎಷ್ಟೋ ಜನ ನೂತೇ ಹೊಟ್ಟೆ ಹೊರೀತಿದ್ರು. ಬರೀತಾ ಬರೀತಾ ನೂಲು ಬಿಟ್ಟುಹೋಯ್ತು, ಮದುವೆಯಾಗಿಲ್ಲ ಅನ್ನೋದು ಮಾತ್ರ ಉಳ್ಕೊಳ್ತು."

"ಬಿಟ್ಟಿದ್ದು ಯಾರು?"

ಅದು ನಿಘಂಟಿನಲ್ಲಿರಲಿಲ್ಲ. ಗ್ರಂಥಪಾಲಕಿ ಒಂದು ಚೀಟಿಯ ಮೇಲೆ ಆ ಪದದ ಎಂಟು ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದುಕೊಟ್ಟಳು.

ತಮ್ಮನ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ತಮ್ಮ, ಅವನ ಹೆಂಡತಿ; ಇನ್ನೊಂದರಲ್ಲಿ ಬೆಳೆದ ಮಕ್ಕಳು. ಕದಿರಕ್ಕನ ಹಾಸಿಗೆ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಬೀಳುತ್ತಿತ್ತು. ತಮ್ಮ ಕೆಟ್ಟವನಲ್ಲ, ಅವನ ಹೆಂಡತಿಯೂ ಕೆಟ್ಟವಳಲ್ಲ. ನೀರು ಕುಡಿಯಲು ಬಂದವರು "ಸ್ವಲ್ಪ ಕಾಲು ಮಡಿಸಿ" ಎನ್ನುತ್ತಿದ್ದರು, ಅಷ್ಟೆ. ಅವಳು ಮಡಿಸುತ್ತಿದ್ದಳು. ಆ ಸಂಜೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎಂಟು ಅಕ್ಷರಗಳನ್ನು ಕೈ ಸೋಲುವವರೆಗೂ ತಿದ್ದಿದಳು.

ಮರುದಿನ ಊಟದ ಬಿಡುವಿನಲ್ಲಿ ಮಿಲ್ಲಿನ ಕ್ಷೇಮಾಧಿಕಾರಿಯ ಎದುರು ನಿಂತಿದ್ದಳು.

"ಸಾರ್, ನಿಮ್ಮ ಪತ್ರದಲ್ಲಿ ಸ್ಪೆಲ್ಲಿಂಗ್ ತಪ್ಪಿದೆ. ಒಂದು ಐ ಜಾಸ್ತಿ."

ಅಧಿಕಾರಿ ಪತ್ರ ಟೈಪ್ ಮಾಡಿದ್ದ ಗುಮಾಸ್ತನನ್ನು ನೋಡಿದ. ಗುಮಾಸ್ತ ಫ್ಯಾನನ್ನು ನೋಡಿದ.

"ಮೆಲ್ಲಗೆ ಮಾತಾಡಮ್ಮ, ಇದು ಆಫೀಸು. ಐ ತೆಗೆದ್ರೂ ಅರ್ಥ ಅದೇ ತಾನೆ? ಕ್ವಾರ್ಟರ್ಸ್ ಇರೋದು ಸ್ಪಿನ್ನರ್‌ಗಳಿಗೆ, ಸಂಸಾರ ಇರೋರಿಗೆ. ನೀನು ಹೆಲ್ಪರ್. ಮದುವೆಯೂ ಆಗಿಲ್ಲ."

"ನಾನು ಎಂಟುನೂರು ಕದಿರು ನೋಡ್ಕೋತೀನಿ ಸಾರ್. ಪಕ್ಕದ ನೂಲೋ ಫ್ರೇಮಿನ ಗಂಡಸೂ ಎಂಟುನೂರೇ. ಅವನಿಗೆ ಹರಿದ ಎಳೆ ಕೂಡಿಸೋದು ಕಲಿಸಿದೋಳು ನಾನು. ಅವನು ಸ್ಪಿನ್ನರ್, ನಾನು ಹೆಲ್ಪರ್. ನಾನು ಯಾರಿಗೆ ಹೆಲ್ಪ್ ಮಾಡ್ತಿದೀನಿ ಅಂತ ಇಪ್ಪತ್ತಾರು ವರ್ಷದಿಂದ ಹುಡುಕ್ತಾನೇ ಇದೀನಿ, ಸಿಕ್ಕಿಲ್ಲ." ಅವಳು ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಈಗ ನೀವೇ ಸೀಲ್ ಹೊಡೆದು ಕೊಟ್ಟಿದ್ದೀರ, ನಾನು ನೂಲೋಳು ಅಂತ. ಬೇಕಿದ್ರೆ ನಿಘಂಟು ನೋಡಿ."

ಅಧಿಕಾರಿಗೆ ನಗು ಬಂತು. "ಅದು ಹಳೇ ಕಾಲದ ಅರ್ಥ ಕಣಮ್ಮ. ಈಗ ಯಾರೂ ಹಾಗೆ ಬಳಸಲ್ಲ."

"ನಾನು ಬಳಸ್ತೀನಿ."

ಹೊಸ ಫಾರಂ ಕೇಳಿ ತೆಗೆದುಕೊಂಡು, ಅಲ್ಲೇ ಮೇಜಿನ ಅಂಚಿಗೆ ಬಾಗಿ, ಉದ್ಯೋಗದ ಜಾಗದಲ್ಲಿ ಎಂಟಕ್ಷರಗಳನ್ನೂ ಬರೆದಳು. ವೈವಾಹಿಕ ಸ್ಥಿತಿಯ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಗೀಟು ಎಳೆದಳು. "ಸ್ವೀಕರಿಸಿದೆ ಅಂತ ಮುದ್ರೆ ಹಾಕಿ ಕೊಡಿ ಸಾರ್, ಹೋಗ್ತೀನಿ."

ಅಧಿಕಾರಿ ಒಲ್ಲೆನೆಂದ. ಬಿಡುವು ಮುಗಿದ ಸೈರನ್ ಕೂಗಿತು. ಅವಳು ಅಲುಗಲಿಲ್ಲ. ಕಾಲು ಗಂಟೆಗೆಲ್ಲ ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ. "ಇಲ್ಲಿದ್ದೀಯಾ ಮಾರಾಯ್ತಿ! ನಿನ್ನ ಫ್ರೇಮಿನ ಎಳೆ ಎಲ್ಲ ಪಟಪಟ ಹರೀತಾ ಇದೆ!"

"ಹೆಲ್ಪರ್ ಒಬ್ಬಳು ಇಲ್ಲ ಅಂದ್ರೆ ಅಷ್ಟೊಂದು ಹರಿಯುತ್ತಾ?" ಎಂದು ಕದಿರಕ್ಕ ಅಧಿಕಾರಿಯನ್ನೇ ಕೇಳಿದಳು. ಅವನು ಮುದ್ರೆ ಎತ್ತಿ ಫಾರಮ್ಮಿನ ಮೇಲೆ ಕುಟ್ಟಿದ.

ಶನಿವಾರದ ಹೊತ್ತಿಗೆ ಗುಮಾಸ್ತನ ಮೇಜಿನ ಮೇಲೆ ಅಂಥವೇ ಹನ್ನೊಂದು ಅರ್ಜಿಗಳಿದ್ದವು. ಹೆಂಗಸರೆಲ್ಲ ಕದಿರಕ್ಕನ ಚೀಟಿ ನೋಡಿಕೊಂಡು ಬರೆದಿದ್ದರು. ಅವರಲ್ಲಿ ಒಬ್ಬಳಿಗೆ ನಾಲ್ಕು ಮೊಮ್ಮಕ್ಕಳು. "ನಿನಗೆ ಗಂಡ ಇದ್ದಾನಲ್ಲೇ!" ಎಂದು ಗುಮಾಸ್ತ ತಲೆ ಚಚ್ಚಿಕೊಂಡ.

"ಇದ್ರೆ ಇರ್ಲಿ. ಅವನೇನು ನೂಲ್ತಾನಾ?" ಎಂದಳು ಆ ಅಜ್ಜಿ.

ತಿಂಗಳು ಕಳೆದ ಮೇಲೆ ಕದಿರಕ್ಕನಿಗೆ ಕಚೇರಿಯಿಂದ ಕರೆ ಬಂತು. ಮೇಜಿನ ಮೇಲೆ ಒಂದು ಪತ್ರ, ಅದರ ಮೇಲೆ ಬೀಗದ ಕೈ. ಅವಳು ಬೀಗದ ಕೈ ಎತ್ತಿಕೊಂಡಳು. ತಣ್ಣಗಿತ್ತು. ಪತ್ರದಲ್ಲಿ ತನ್ನ ಹೆಸರಿನ ಪಕ್ಕದ ಪದ ಕಂಡಿತು. ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ನೋಡಿ ನೋಡಿ ಅದರ ಆಕಾರ ಅವಳಿಗೆ ಬಾಯಿಪಾಠವಾಗಿತ್ತು.

"ಇದು ಹೆಲ್ಪರ್ ಅಂತಲ್ವಾ ಸಾರ್? ಅದರ ಕೆಳಗಿರೋದು?"

"ವಿಶೇಷ ಪ್ರಕರಣ ಅಂತ. ಮನೆ ಸಿಕ್ತಲ್ಲಮ್ಮ, ಇನ್ನೇನು ಬೇಕು?"

"ವಿಶೇಷ ಪ್ರಕರಣ ಅಂದ್ರೆ?"

"ಕನಿಕರ ಅಂತ ಇಟ್ಕೋ."

ಕದಿರಕ್ಕ ಅಂಗೈಯಲ್ಲಿದ್ದ ಬೀಗದ ಕೈಯನ್ನು ಒಮ್ಮೆ ನೋಡಿದಳು. "ಕನಿಕರದ ಜಾಗ ನನಗೆ ಆಗ್ಲೇ ಒಂದಿದೆ ಸಾರ್. ಎರಡನೇದು ಬೇಡ," ಎಂದು ಬೀಗದ ಕೈಯನ್ನು ಪತ್ರದ ಮೇಲಿಟ್ಟು ಹೊರಟುಬಂದಳು. ಮೆಟ್ಟಿಲಿಳಿಯುವಾಗ ಹುಚ್ಚು ಕೆಲಸ ಮಾಡಿಬಿಟ್ಟೆನೇನೋ ಅನ್ನಿಸಿತು. ಆದರೂ ಹಿಂದಕ್ಕೆ ತಿರುಗಲಿಲ್ಲ.

"ಕೈಗೆ ಬಂದಿದ್ದನ್ನ ಬಿಟ್ಟು ಬಂದ್ರಾ ಅತ್ತಿಗೆ? ಒಂದು ಪದಕ್ಕೋಸ್ಕರ?" ಎಂದು ತಮ್ಮನ ಹೆಂಡತಿ ಕೂಗಾಡಿದಳು. ಮೂರು ದಿನ ಮಾತೇ ಆಡಲಿಲ್ಲ.

ಐದು ವಾರ ಏನೂ ಆಗಲಿಲ್ಲ. ಮಿಲ್ಲಿನ ಹೆಂಗಸರು ಮಾತ್ರ ವಾರಕ್ಕೊಮ್ಮೆ ಸರದಿಯ ಪ್ರಕಾರ ಕಚೇರಿಗೆ ಹೋಗಿ "ನಮ್ಮ ಅರ್ಜಿ ಏನಾಯ್ತು?" ಎಂದು ಒಬ್ಬೊಬ್ಬರಾಗಿ, ಯಂತ್ರದ ಪಕ್ಕ ನಿಂತವರ ದನಿಯಲ್ಲೇ ಕೇಳಿ ಬರುತ್ತಿದ್ದರು. ಆರನೆಯ ವಾರ ಗುಮಾಸ್ತ ತಾನೇ ಯಂತ್ರದ ಹತ್ತಿರ ಬಂದ. ಹನ್ನೊಂದು ಜನರಲ್ಲಿ ಕದಿರಕ್ಕನೂ ಸೇರಿ ಆರು ಜನರ ದರ್ಜೆ ಬದಲಾಗಿತ್ತು. ಉಳಿದವರದು ಮುಂದಿನ ಸಭೆಯಲ್ಲಂತೆ.

"ನಿನ್ನ ಪದ ಬರೆಯೋಕೆ ಸಾಹೇಬ್ರಿಗೆ ನಾಚಿಕೆಯಂತೆ," ಎಂದು ಅವನು ಅವಳ ಕಿವಿಯ ಹತ್ತಿರ ಕೂಗಿದ. "ಸ್ಪಿನ್ನರ್ ಅಂತ ಹಾಕಿ ಬೀಗದ ಕೈ ಕೊಟ್ಟಿದ್ದಾರೆ. ಆಗುತ್ತಾ?"

"ಸ್ಪೆಲ್ಲಿಂಗ್ ಸರಿಯಿದೆಯಾ?" ಎಂದು ಕದಿರಕ್ಕ ತಿರುಗಿ ಕೂಗಿದಳು.

ಭಾನುವಾರ ಬೆಳಿಗ್ಗೆ ಕದಿರಕ್ಕ ಟ್ರಂಕಿನ ಒಂದು ಹಿಡಿಯನ್ನು ತಾನು ಹಿಡಿದು, ಇನ್ನೊಂದನ್ನು ತಮ್ಮನ ಹೆಂಡತಿಗೆ ಕೊಟ್ಟಳು. ಕ್ವಾರ್ಟರ್ಸಿನ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮಿಲ್ಲಿನ ಗೋಡೆಗೆ ತೆರೆಯುವ ಒಂದು ಕಿಟಕಿ. ಪಕ್ಕದ ಮನೆಯ ಹೆಂಗಸು ಇಣುಕಿ, "ಮನೆಯವ್ರು ಯಾವಾಗ ಬರ್ತಾರೆ?" ಎಂದು ವಿಚಾರಿಸಿದಳು.

"ಬಂದಾಯ್ತು," ಎಂದಳು ಕದಿರಕ್ಕ.

ಟ್ರಂಕನ್ನು ಗೋಡೆಗೆ ಸೇರಿಸಿ ತಿರುಗಿದರೆ, ತಮ್ಮನ ಹೆಂಡತಿ ಬರಿನೆಲದ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ.

"ಅತ್ತಿಗೆ, ಯಾರೂ ಕರೆಯೋರಿಲ್ಲದ ಕಡೆ ನಾನೂ ಸ್ವಲ್ಪ ಹೊತ್ತು ಕೂತಿರ್ತೀನಿ. ಏನೂ ಕೇಳ್ಬೇಡಿ."

ಕದಿರಕ್ಕ ಬಿಂದಿಗೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಸದ್ದಾಗದಂತೆ ನಲ್ಲಿಯನ್ನು ಸಣ್ಣಗೆ ಬಿಟ್ಟು, ನೀರು ಮೆಲ್ಲಗೆ ಮೇಲೇರುವುದನ್ನೇ ನೋಡುತ್ತ ನಿಂತಳು.